ಎರಡನೇ ಸೈರನ್

ಫೆಬ್ರವರಿ ೧೧

ಮುನಿಸಿಕೊಂಡು ಕೂತಿರುವ ನಾದಿನಿಗೆ,

ಮೂರು ವರ್ಷದಿಂದ ಒಂದು ಸಾಲು ಬರೆಯದವಳಿಗೆ ನಾನೇ ಮೊದಲು ಬರೆಯುತ್ತಿದ್ದೇನೆ. ಅತ್ತಿಗೆ ಸೋತಳು ಎಂದು ಬೇಕಾದರೆ ಬೀಗು, ನನಗೇನೂ ಬೇಸರವಿಲ್ಲ. ಇಲ್ಲಿ ಫೋನು ಹಿಡಿಯಬೇಕೆಂದರೆ ಗುಡ್ಡದ ನೆತ್ತಿ ಹತ್ತಬೇಕು. ಹತ್ತಿ, ಏದುಸಿರು ಬಿಡುತ್ತಾ ನಿನ್ನ ಜೊತೆ ಜಗಳವಾಡಲು ನನ್ನಿಂದಾಗದು. ಜಗಳಕ್ಕೆ ಕಾಗದವೇ ವಾಸಿ, ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಕ್ವಾರಿಯ ಅಂಚಿಗೆ ಒಂದು ಜೀಪು ಬಂತು. ಇಳಿದವರು ಕೋಲು, ಟೇಪು ಹಿಡಿದು, ಹಸು ಕೊಳ್ಳಲು ಬಂದವರ ಹಾಗೆ ಹಳ್ಳವನ್ನು ಆ ಕಡೆ ಈ ಕಡೆಯಿಂದ ನೋಡಿ ತಲೆಯಾಡಿಸಿದರು. ಚಹಾದಂಗಡಿಯ ಮಂತ್ರಿ ನೆನಪಿದ್ದಾನಲ್ಲ? ಎರಡು ಚಮಚ ಸಕ್ಕರೆ ಹಾಕುತ್ತೇನೆ ಎಂದು ಭರವಸೆ ಕೊಟ್ಟು ಅರ್ಧ ಹಾಕುತ್ತಾನೆಂದು ನಿಮ್ಮಣ್ಣನೇ ಇಟ್ಟ ಹೆಸರು. ಅವನು ಆ ಜನಕ್ಕೆ ಬಿಟ್ಟಿ ಚಹಾ ಕೊಟ್ಟು ಬಾಯಿ ಬಿಡಿಸಿದ. ನೀನಿರುವ ನಗರದಲ್ಲಿ ಕಸ ಹಾಕಲು ಜಾಗವಿಲ್ಲವಂತೆ. ದೊಡ್ಡದೊಂದು ಗುಂಡಿ ಬೇಕಂತೆ. ಮುಚ್ಚಿಹೋದ ನಮ್ಮ ಕ್ವಾರಿ ಅವರ ಕಣ್ಣಿಗೆ ಬಿದ್ದಿದೆ.

ಮಂತ್ರಿ ಮರುದಿನವೇ ಕಚೇರಿಗೆ ಹೋಗಿ ವಿಚಾರಿಸಿದ. ಅರ್ಧ ಮೈಲಿಯೊಳಗೆ ಜನ ವಾಸವಿದ್ದರೆ ಅಲ್ಲಿ ಕಸ ಹಾಕುವಂತಿಲ್ಲ ಎಂದು ಕಾನೂನೇ ಇದೆಯಂತೆ. ಇವನು ಹಿಗ್ಗಿ ಹೀರೇಕಾಯಿ ಆಗುವಷ್ಟರಲ್ಲಿ ಅಲ್ಲಿನ ಗುಮಾಸ್ತ ನಕ್ಷೆ ಬಿಡಿಸಿ ತೋರಿಸಿದನಂತೆ. ಕ್ವಾರಿ ಇದೆ, ಸುತ್ತ ಖಾಲಿ.

"ಅಲ್ಲಿ ಯಾವ ಊರೂ ಇಲ್ವಲ್ರೀ."

"ಸಾರ್, ನಾನು ಅಲ್ಲಿಂದಾನೇ ಬಂದಿರೋದು."

"ನೀವು ಬಂದಿರಬಹುದು. ಊರಿಲ್ಲ."

ಕೇಳಿದೆಯಾ? ಮೂರು ತಲೆಮಾರಿನಿಂದ ನಾವು ಎಲ್ಲಿದ್ದೆವು ಎಂದು ಈಗ ನಾವೇ ಹೇಳಬೇಕು. ಊರು ಯಾವಾಗ ಆಯಿತು, ಮೊದಲು ಬಂದವರು ಯಾರು, ಯಾಕೆ ಉಳಿದರು, ಎಲ್ಲವನ್ನೂ ಬರೆದು ಕೊಟ್ಟರೆ ಒಬ್ಬ ಅಧಿಕಾರಿ ಬಂದು ನೋಡಿಕೊಂಡು ಹೋಗುತ್ತಾನಂತೆ. ಮದ್ದಿನ ತಾತನಿಗೆ ಎಲ್ಲ ಗೊತ್ತು. ಆದರೆ ಬಂಡೆಗೆ ಮದ್ದಿಟ್ಟು ಹಾರಿಸಿ ಹಾರಿಸಿ ಅವನ ಕಿವಿ ಹೋಗಿದೆ, ಈಗ ತಲೆಯೂ ಅಷ್ಟಕ್ಕಷ್ಟೇ. ಊರು ಹುಟ್ಟಲು ಕಾರಣವಾದ ಸೇತುವೆಯ ಕಥೆ ಕೇಳಿದರೆ ಅವನ ಮದುವೆಯ ಕಥೆ ಹೇಳುತ್ತಾನೆ. ನಾನು ಈ ಮನೆಗೆ ಸೊಸೆಯಾಗಿ ಬಂದವಳು, ನನಗೆ ಗೊತ್ತಿರುವುದು ಬಂದಮೇಲಿನದು. ಮಾವನವರು ಮೆಟ್ಟಿಲ ಮೇಲೆ ಕೂತು ಹಳೆಯದೆಲ್ಲ ಹೇಳುವಾಗ ನಿಮ್ಮಣ್ಣ ಆಕಳಿಸುತ್ತಿದ್ದರು, ನೀನು ಬಾಯಿ ತೆರೆದು ಕೇಳುತ್ತಿದ್ದೆ. ಈಗ ಬೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಪುಸ್ತಕ ಹೊಲಿಯುತ್ತೀಯ. ನಮ್ಮದೂ ನಾಲ್ಕು ಹಾಳೆ ಬರೆದು ಕೊಡು.

ಲಾರಿಗಳು ಕಸ ಸುರಿಯುವುದು ಕ್ವಾರಿಯ ಪೂರ್ವದ ಗೋಡೆಯ ಕಡೆಯಿಂದಂತೆ. ಅಲ್ಲಿ ಯಾರಿದ್ದಾರೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಸೋತರೂ ಬಾಯಿ ಮುಚ್ಚದ,
ಅತ್ತಿಗೆ

ಫೆಬ್ರವರಿ ೨೬

ಅತ್ತಿಗೆಗೆ,

ನಿಮ್ಮ ಕಾಗದ ಓದಿ ಮಡಿಸಿಟ್ಟೆ, ಮತ್ತೆ ಓದಿದೆ. ಬರೆಯಲಿಲ್ಲ ಎಂದು ನನ್ನನ್ನು ಬೈದಿದ್ದೀರಿ. ಬರೆಯಲು ಕೂತರೆ ಮೊದಲ ಸಾಲಿಗೇ ಅಣ್ಣ ಬರುತ್ತಾನೆ. ಅಲ್ಲಿಗೆ ಪೆನ್ನು ಕೆಳಗಿಡುತ್ತಿದ್ದೆ. ಮುನಿಸಲ್ಲ ಅತ್ತಿಗೆ, ಆಗುತ್ತಿರಲಿಲ್ಲ.

ನೇರವಾಗಿ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಅದು ಊರಲ್ಲ. ಅದೊಂದು ಹಳ್ಳ, ಅದರ ಅಂಚಿಗೆ ಹನ್ನೊಂದು ಮನೆ. ಕಲ್ಲಿನ ಧೂಳು ಅಪ್ಪನ ಎದೆಯನ್ನು ತಿಂದಿತು. ಆಮೇಲೆ ಆ ಗೋಡೆ ಕುಸಿದು ಅಣ್ಣನನ್ನು ನುಂಗಿತು. ಕ್ವಾರಿಯ ಕಂಪನಿಯವರು ಎರಡು ದಿನ ಯಂತ್ರ ತಂದು ಕೆದಕಿದರು, ಇನ್ನೂ ಅಗೆದರೆ ಉಳಿದ ಗೋಡೆಯೂ ಬೀಳುತ್ತದೆ ಎಂದು ಗೇಟಿಗೆ ಬೀಗ ಹಾಕಿ ಹೊರಟುಹೋದರು. ದೇಹವನ್ನು ಕೂಡ ನಮಗೆ ಕೊಡಲಿಲ್ಲ. ಅಂಥ ಜಾಗಕ್ಕೆ ನಾನು ಚರಿತ್ರೆ ಬರೆಯಬೇಕೇ?

ನೀವು ಅಲ್ಲಿ ಕೂತು ಏನನ್ನು ಕಾಯುತ್ತಿದ್ದೀರಿ? ಇಲ್ಲಿಗೆ ಬನ್ನಿ. ಅಂಗಡಿಯ ಮೇಲಿನ ಕೋಣೆ ಚಿಕ್ಕದು, ಆದರೂ ಇನ್ನೊಂದು ಮಂಚ ಹಿಡಿಸುತ್ತದೆ. ಅಂಟಿನ ವಾಸನೆ ಎರಡು ದಿನ ತಲೆನೋವು ತರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹಾಳೆ ಮಡಚಲು ಒಬ್ಬರು ಬೇಕೆಂದು ಅಂಗಡಿಯ ಯಜಮಾನರು ಹುಡುಕುತ್ತಿದ್ದಾರೆ. ನಿಮ್ಮ ಕೈ ಚುರುಕು, ಒಂದು ವಾರದಲ್ಲಿ ಕಲಿಯುತ್ತೀರಿ.

ಅಪ್ಪ ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ.

ನಿಮ್ಮ ನಾದಿನಿ

ಮಾರ್ಚ್ ೯

ಮರೆವಿನ ರಾಣಿಗೆ,

ಮರೆತೆ ಎಂಬ ಸಾಲನ್ನು ನೀನು ಎರಡು ಸಲ ಹೊಡೆದು ಬರೆದದ್ದು ಕಾಗದದಲ್ಲೇ ಕಾಣುತ್ತದೆ. ಸುಳ್ಳು ಹೇಳುವುದಕ್ಕೂ ಒಂದು ಮುಖ ಬೇಕು ಕಣೇ, ಅದು ನಿಮ್ಮ ಮನೆತನದಲ್ಲೇ ಇಲ್ಲ.

ಏನನ್ನು ಕಾಯುತ್ತಿದ್ದೀರಿ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಸತ್ತವರನ್ನು ಎಲ್ಲಿಟ್ಟಿದ್ದೇವೆ ಎಂದು ಹೇಳಿಕೊಳ್ಳಲು ಎಲ್ಲರಿಗೂ ಒಂದು ಜಾಗ ಇರುತ್ತದೆ. ನನಗೆ ಇರುವುದು ಆ ಹಳ್ಳ. ಪ್ರತಿ ಸಂಜೆ ಅಂಚಿಗೆ ಹೋಗಿ ಕೂರುತ್ತೇನೆ. ತಳದಲ್ಲಿ ಈಗ ಹಸಿರು ನೀರು ನಿಂತಿದೆ, ಬಿಳಿ ಹಕ್ಕಿಗಳು ಬರುತ್ತವೆ. ದಿನದ ಸುದ್ದಿಯೆಲ್ಲ ನಿಮ್ಮಣ್ಣನಿಗೆ ಹೇಳುತ್ತೇನೆ. ಮಂತ್ರಿಯ ಸಕ್ಕರೆ ಇನ್ನೂ ಕಡಿಮೆಯಾಯಿತು ಎನ್ನುತ್ತೇನೆ. ನಿಮ್ಮ ತಂಗಿ ಬರೆಯಲಿಲ್ಲ ಎನ್ನುತ್ತೇನೆ. ಹುಚ್ಚಿ ಎನ್ನಬೇಡ. ಬದುಕಿದ್ದಾಗಲೂ ಅವರು ನನ್ನ ಮಾತಿಗೆ ಉತ್ತರ ಕೊಟ್ಟದ್ದು ಕಡಿಮೆ, ಹಾಗಾಗಿ ದೊಡ್ಡ ವ್ಯತ್ಯಾಸವೇನಿಲ್ಲ.

ನನಗೆ ನೀರಿನ ನಲ್ಲಿ ಬೇಡ, ಡಾಂಬರು ರಸ್ತೆ ಬೇಡ, ನಕ್ಷೆಯಲ್ಲಿ ಚುಕ್ಕಿಯೂ ಬೇಡ. ಅವರ ಮೈಮೇಲೆ ಕಸ ಬೀಳಬಾರದು. ಇಷ್ಟೇ. ಅದಕ್ಕೆ ಇದು ಊರು ಎಂದು ಆಗಬೇಕು. ಊರು ಆಗಬೇಕಾದರೆ ನೀನು ಬರೆಯಬೇಕು.

ಮಂಚ ಹಿಡಿಸುತ್ತದೆ ಎಂದಿದ್ದೀಯ, ಸಂತೋಷ. ನೀನು ನಿದ್ದೆಯಲ್ಲಿ ಒದೆಯುವುದು ನಿಂತಿದೆಯಾ?

ಅತ್ತಿಗೆ

ಏಪ್ರಿಲ್ ೨

ಅತ್ತಿಗೆ,

ನಿಂತಿಲ್ಲ, ಈಗಲೂ ಒದೆಯುತ್ತೇನೆ.

ಅಪ್ಪ ಹೇಳಿದ್ದನ್ನು ಅಪ್ಪ ಹೇಳಿದ ಹಾಗೆಯೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ ಕಳಿಸಿ, ನಾನು ಚೊಕ್ಕವಾಗಿ ಇನ್ನೊಂದು ಪ್ರತಿ ಮಾಡಿ, ಬಟ್ಟೆಯ ಹೊದಿಕೆ ಹಾಕಿ ಕಚೇರಿಗೆ ಕೊಡುತ್ತೇನೆ.

ಹೊಳೆಗೆ ಸೇತುವೆ ಕಟ್ಟಲು ಕಲ್ಲು ಬೇಕಾಗಿತ್ತು. ಕಂಟ್ರಾಕ್ಟರು ಐದು ಸಂಸಾರಗಳನ್ನು ಕರೆತಂದು ಈ ಬಂಡೆಯ ಬುಡದಲ್ಲಿ ಇಳಿಸಿದ. ಒಂದು ಬೇಸಿಗೆಯ ಕೆಲಸ ಎಂದಿದ್ದ. ಅಜ್ಜಿ ತನ್ನ ಊರಿನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಬೇಸಿಗೆ ಮುಗಿಯಿತು, ಸೇತುವೆ ಮುಗಿಯಲಿಲ್ಲ. ಸೇತುವೆ ಮುಗಿಯಿತು, ಅಣೆಕಟ್ಟಿಗೆ ಕಲ್ಲು ಬೇಕಾಯಿತು. ಆಮೇಲೆ ನಗರಕ್ಕೆ. ಪ್ರತಿ ವರ್ಷವೂ "ಇದೊಂದು ವರ್ಷ" ಎಂದೇ ಎಲ್ಲರೂ ಹೇಳಿಕೊಳ್ಳುತ್ತಿದ್ದರು.

ಅದಕ್ಕೇ ಯಾರೂ ಗೋಡೆ ಕಟ್ಟಲಿಲ್ಲ. ಹಗಲೆಲ್ಲ ಕಲ್ಲು ಒಡೆದು ಬಂದು ಗೋಣಿಚೀಲದ ಡೇರೆಯಲ್ಲಿ, ತಗಡಿನ ಕೆಳಗೆ ಮಲಗುತ್ತಿದ್ದರು. "ನಾಳೆ ಹೊರಡೋರು ಇವತ್ತು ಗೋಡೆ ಕಟ್ತಾರೇನೋ?" ಎಂದು ಅಜ್ಜಿ ಅಪ್ಪನನ್ನು ಗದರುತ್ತಿದ್ದಳಂತೆ. ಅಣ್ಣ ಹುಟ್ಟಿದ ದಿನ ಗಾಳಿಮಳೆಗೆ ನಮ್ಮ ತಗಡು ಹಾರಿಹೋಯಿತು. ಅಮ್ಮ ಕೂಸನ್ನು ಹೊಟ್ಟೆಯ ಕೆಳಗೆ ಮುಚ್ಚಿಕೊಂಡು ನೆನೆದಳು. ಮರುದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಬೇಡವೆಂದು ಬಿಸಾಡಿದ ಮುರುಕು ಕಲ್ಲುಗಳನ್ನು ಹೊತ್ತು ತಂದು ಗೋಡೆ ಎಬ್ಬಿಸಲು ಶುರುಮಾಡಿದ. ಉಳಿದವರು ನಿಂತು ನಗಾಡಿದರು. "ಏನಯ್ಯಾ, ಇಲ್ಲೇ ಸಾಯೋ ಯೋಚನೆನಾ?" ಎಂದರು. ವರ್ಷ ತುಂಬುವುದರೊಳಗೆ ನಗಾಡಿದವರೂ ಕಟ್ಟಿದರು. ಆ ಗೋಡೆ ಎದ್ದ ದಿನವೇ ಊರು ಹುಟ್ಟಿತು ಎಂದು ಅಪ್ಪ ಹೇಳುತ್ತಿದ್ದ. ಹಾಗಿದ್ದರೆ ಊರಿಗೂ ಅಣ್ಣನಿಗೂ ಒಂದೇ ವಯಸ್ಸು.

ಮೇಲಿನ ಹಳ್ಳಿಯವರು ನಮ್ಮನ್ನು ಕೆಳಗಿನ ಹಳ್ಳಿಗೆ ಸೇರಿದವರು ಎಂದರು, ಕೆಳಗಿನವರು ಮೇಲಿನದಕ್ಕೆ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ವೋಟು ಒಂದು ಕಡೆ, ಶಾಲೆ ಇನ್ನೊಂದು ಕಡೆ, ಕಾಗದಪತ್ರ ಚಹಾದಂಗಡಿಗೆ.

ಸೈರನ್ನಿನ ವಿಷಯ ಬರೆಯದೆ ಈ ಚರಿತ್ರೆ ಪೂರ್ತಿಯಾಗದು. ಮೊದಲ ವರ್ಷ ಬಂಡೆ ಹಾರಿಸುವಾಗ ಬಟ್ಟೆ ಒಗೆಯುತ್ತಿದ್ದ ಒಬ್ಬಳ ಮೇಲೆ ಕಲ್ಲು ಬಿತ್ತು. ಅಂದಿನಿಂದ ಕೈಯಲ್ಲಿ ತಿರುಗಿಸುವ ಸೈರನ್ ಬಂತು, ಅಜ್ಜಿ ಅದನ್ನು ಹಿಡಿದಳು. ಮೊದಲ ಸೈರನ್ನಿಗೆ ಒಲೆ ಆರಿಸಬೇಕು. ಸಿಡಿತದ ಅದುರಿಕೆಗೆ ಗೋಡೆ ಬಿರಿಯದಂತೆ, ಬಾಗಿಲು ಕಚ್ಚಿಕೊಳ್ಳದಂತೆ ಎಲ್ಲ ಬಾಗಿಲು ಕಿಟಕಿ ತೆರೆದಿಡಬೇಕು. ಗುಡ್ಡದ ಮಗ್ಗುಲಿನ ಮರೆಬಂಡೆಯ ಹಿಂದೆ ಹೋಗಿ ಕೂರಬೇಕು. ಅಜ್ಜಿ ಒಂದೊಂದೇ ಮನೆಯನ್ನು ಕೂಗುತ್ತಿದ್ದಳು. ಮನೆಗಳಿಗೆ ನಂಬರು ಇರಲಿಲ್ಲ, ಗುರುತೇ ಹೆಸರು. "ನೀಲಿ ಬಾಗಿಲು!" ಎಂದರೆ "ಬಂದ್ವಿ!" ಎನ್ನಬೇಕು. "ಮುರುಕು ಗಾಡಿ!" "ಬಂದ್ವಿ!" ನಮ್ಮದು "ಎರಡು ಮೆಟ್ಟಿಲು." ಎಲ್ಲ ಮನೆಯೂ ಓಗೊಟ್ಟ ಮೇಲೆಯೇ ಬಂಡೆ ಹಾರುತ್ತಿತ್ತು. ಆಮೇಲೆ ಮದ್ದಿನ ತಾತ ಒಬ್ಬನೇ ಇಳಿದು, ಬಂಡೆಗೆ ಕೊರೆದ ಎಲ್ಲ ಕುಳಿಯ ಮದ್ದೂ ಸಿಡಿದಿದೆಯೇ, ಕ್ವಾರಿಯ ಗೋಡೆ ಗಟ್ಟಿಯಿದೆಯೇ ಎಂದು ನೋಡಿ ಕೈ ಬೀಸಿದರೆ ಎರಡನೇ ಸೈರನ್. ಅಲ್ಲಿಯವರೆಗೆ ರಾಜ ಬಂದು ಕರೆದರೂ ಯಾರೂ ಏಳುವಂತಿರಲಿಲ್ಲ. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ನೀವು.

ಇಲ್ಲಿ ನಗರದ ರೈಲು ನಿಲ್ದಾಣದ ಮೆಟ್ಟಿಲು ನಮ್ಮ ಕಲ್ಲು. ಅಂಚಿನಲ್ಲಿ ಉಳಿಯ ಗುರುತು ಇನ್ನೂ ಇದೆ. ನಾನು ಅಲ್ಲಿ ಹತ್ತುವಾಗ ಬದಿಯಿಂದ ಹತ್ತುತ್ತೇನೆ, ಯಾಕೆಂದು ಗೊತ್ತಿಲ್ಲ.

ಮುಂದಿನದನ್ನು ಬರೆಯಲಾರೆ. ಎರಡನೇ ಸೈರನ್ನಿಗೆ ಮುಂಚೆ ಎದ್ದು ಹೋದವನು ಅಣ್ಣ ಒಬ್ಬನೇ. ಡ್ರಿಲ್ ಯಂತ್ರವನ್ನು ಗೋಡೆಯ ಬುಡದಲ್ಲಿ ಬಿಟ್ಟು ಬಂದೆ ಎಂದು ಹೋದನಂತೆ. ಒಂದು ಯಂತ್ರಕ್ಕಾಗಿ.

ನಿಮ್ಮ ನಾದಿನಿ

ಏಪ್ರಿಲ್ ೨೦

ನನ್ನ ಚಿನ್ನದಂಥ ನಾದಿನಿಗೆ,

ಬೈಯುವುದಕ್ಕೆ ಏನೂ ಸಿಗಲಿಲ್ಲ, ಹಾಗಾಗಿ ಹೊಗಳುತ್ತಿದ್ದೇನೆ. ರೂಢಿಯಿಲ್ಲ, ಸಹಿಸಿಕೋ.

ಚಹಾದಂಗಡಿಯ ಮುಂದೆ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಮದ್ದಿನ ತಾತ ಕಿವಿಗೆ ಕೈ ಒಡ್ಡಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ. "ಐದಲ್ಲ, ಆರು ಸಂಸಾರ" ಎಂದು ತಿದ್ದಿದ. ಆರನೆಯವರು ವಾರದೊಳಗೇ ವಾಪಸು ಹೋದರಂತೆ. "ಹೋದೋರು ಲೆಕ್ಕಕ್ಕಿಲ್ಲ ತಾತ" ಎಂದು ಮಂತ್ರಿ ಕೂಗಿದರೆ, "ಒಂದು ವಾರ ಜೊತೇಲಿ ಉಂಡೋರು ಲೆಕ್ಕಕ್ಕಿಲ್ಲ ಅಂದ್ರೆ ಏನೋ ಅರ್ಥ?" ಎಂದು ತಾತ ರೇಗಿದ. ಆರು ಎಂದೇ ಬರಿ. ಮಂತ್ರಿಗೆ ಅವನಪ್ಪನ ಚಹಾದಂಗಡಿ ಬಂದಿಲ್ಲವೆಂದು ಉರಿ. "ನಮ್ಮಪ್ಪನ ಚಹಾ ಇಲ್ದಿದ್ರೆ ಯಾವ ಸೇತುವೆ ಏಳ್ತಿತ್ತು?" ಎನ್ನುತ್ತಾನೆ. ಅವನಿಗೂ ಒಂದು ಸಾಲು ಹಾಕು, ಇಲ್ಲದಿದ್ದರೆ ನನ್ನ ಚಹಾಕ್ಕೆ ಇರುವ ಅರ್ಧ ಚಮಚವೂ ಹೋಗುತ್ತದೆ.

ನೀಲಿ ಬಾಗಿಲಿನವಳು ಅತ್ತುಬಿಟ್ಟಳು. ತನ್ನ ಬಾಗಿಲು ಸರ್ಕಾರದ ಕಾಗದದಲ್ಲಿ ಬರುತ್ತದೆ ಎಂದು ಮರುದಿನವೇ ಬಣ್ಣ ತಂದು ಮತ್ತೆ ಬಳಿದಳು. ಈಗ ಅದು ಕಣ್ಣಿಗೆ ಹೊಡೆಯುವಷ್ಟು ನೀಲಿ.

ಅಧಿಕಾರಿ ಮೇ ಹನ್ನೆರಡಕ್ಕೆ ಬರುತ್ತಾನಂತೆ. ಅವತ್ತು ಯಾರೂ ಕೂಲಿಗೆ ಹೋಗುವಂತಿಲ್ಲ, ಪ್ರತಿ ಒಲೆಯಲ್ಲೂ ಉರಿಯಿರಬೇಕು ಎಂದು ಹೇಳಿಬಿಟ್ಟಿದ್ದೇನೆ. ಪಕ್ಕದ ಹಳ್ಳಿಯಿಂದ ಹತ್ತು ಜನರನ್ನು ಕರೆತಂದು ಕೂರಿಸೋಣ ಎಂದು ಒಬ್ಬ ಬುದ್ಧಿವಂತ ಹೇಳಿದ. "ಇರೋರು ಸಾಕು. ಇದ್ದೀವಿ ಅಂತ ತೋರ್ಸೋಕೆ ಸುಳ್ಳು ಯಾಕೆ?" ಎಂದು ಬಾಯಿ ಮುಚ್ಚಿಸಿದೆ.

ಗುಡ್ಡದ ಆಚೆ ಲಾರಿಗಳಿಗೆಂದು ಆಗಲೇ ರಸ್ತೆ ಕಡಿಯಲು ಶುರುಮಾಡಿದ್ದಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ. ಕಡಿಯಲಿ, ಕಡಿಯಲಿ. ನಮ್ಮ ಕಲ್ಲು ಅಲ್ಲಿಗೆ, ಅಲ್ಲಿನ ಕಸ ಇಲ್ಲಿಗೆ ಎಂಬ ಕೊಡುಕೊಳ್ಳುವಿಕೆ ಈ ಜನ್ಮದಲ್ಲಿ ನಡೆಯಲು ಬಿಡುವುದಿಲ್ಲ. ನಿನ್ನ ಚರಿತ್ರೆಯನ್ನು ಅಂಚಿಗೆ ಹೋಗಿ ನಿಮ್ಮಣ್ಣನಿಗೂ ಓದಿ ಹೇಳಿದೆ. ತಮಗೂ ಊರಿಗೂ ಒಂದೇ ವಯಸ್ಸು ಎಂದು ಕೇಳಿ ಮೀಸೆ ತಿರುವಿರುತ್ತಾರೆ.

ಹಿಗ್ಗಿನಲ್ಲಿರುವ,
ಅತ್ತಿಗೆ

ಮೇ ೧೪

ತಂಗೀ,

ನಿನ್ನೆಯೇ ಬರೆಯಬೇಕಿತ್ತು. ಕೈ ಬರಲಿಲ್ಲ.

ಮೊನ್ನೆ ಬೆಳಗ್ಗೆಯಿಂದ ಎಲ್ಲರೂ ಮನೆಯಲ್ಲೇ ಇದ್ದೆವು. ಬಾಗಿಲ ಮುಂದೆಲ್ಲ ಗುಡಿಸಿ ನೀರು ಚಿಮುಕಿಸಿದ್ದೆವು. ಹನ್ನೊಂದು ಮನೆಯಲ್ಲೂ ಹೊಗೆ ಏಳುತ್ತಿತ್ತು. ಮಂತ್ರಿ ಬಿಳಿ ಅಂಗಿ ಹಾಕಿಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಬಿಸಿಲು ನೆತ್ತಿಗೆ ಬಂದರೂ ಅಧಿಕಾರಿಯ ಸುಳಿವಿಲ್ಲ.

ಆಗ ಸೈರನ್ ಆಯಿತು.

ಗುಡ್ಡದ ಆಚೆ ರಸ್ತೆ ಕಡಿಯುವವರಿಗೆ ಅವತ್ತೇ ಮೊದಲ ಸಲ ಬಂಡೆ ಅಡ್ಡ ಬಂದಿತ್ತು, ಅದನ್ನು ಹಾರಿಸಲು ಇಟ್ಟುಕೊಂಡದ್ದು. ಅದೇ ಕೈಯಲ್ಲಿ ತಿರುಗಿಸುವ ಸೈರನ್, ಅದೇ ಗೋಳು. ಮೂರು ವರ್ಷದಿಂದ ಕೇಳಿರಲಿಲ್ಲ. ನಮ್ಮ ಕಾಲು ನಮ್ಮ ತಲೆಯನ್ನು ಕೇಳಲಿಲ್ಲ ಕಣೇ. ನಾನು ಒಲೆಗೆ ನೀರು ಹೊಯ್ದೆ, ಕಿಟಕಿ ತೆರೆದೆ, ಬಾಗಿಲು ತೆರೆದಿಟ್ಟು ಹೊರಬಿದ್ದೆ. ನೋಡಿದರೆ ಎಲ್ಲರೂ ಅದನ್ನೇ ಮಾಡಿದ್ದರು. ಯಾರೂ ಓಡಲಿಲ್ಲ. ಮದ್ದಿನ ತಾತನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದರು. ಅವನ ಮುಖ ಅರಳಿತ್ತು. "ಇವತ್ತು ಯಾವ ಕುಳಿ?" ಎಂದು ಎಲ್ಲರನ್ನೂ ಕೇಳುತ್ತಿದ್ದ.

ಮರೆಬಂಡೆಯ ಹಿಂದೆ ಕೂತಮೇಲೆ ನಾನು ಎದ್ದು ನಿಂತು ಕೂಗಿದೆ. "ನೀಲಿ ಬಾಗಿಲು!" "ಬಂದ್ವಿ!" "ಮುರುಕು ಗಾಡಿ!" "ಬಂದ್ವಿ!" ಒಂದೊಂದೇ ಮನೆ ಓಗೊಟ್ಟಿತು. ಕೊನೆಗೆ ಅಭ್ಯಾಸದಲ್ಲಿ "ಎರಡು ಮೆಟ್ಟಿಲು!" ಎಂದುಬಿಟ್ಟೆ. ಆ ಕೂಗಿಗೆ ಓಗೊಡುತ್ತಿದ್ದವರು ನಿಮ್ಮಣ್ಣ. ಎಲ್ಲರೂ ತಲೆ ತಗ್ಗಿಸಿದರು. ನಾನೇ "ಬಂದ್ವಿ" ಎಂದೆ.

ಬಂಡೆ ಹಾರಿತು. ನೆಲ ಅದುರಿತು. ನಾವು ಎರಡನೇ ಸೈರನ್ನಿಗೆ ಕಾದು ಕೂತೆವು.

ಅದು ಆಗಲೇ ಇಲ್ಲ. ಆ ರಸ್ತೆ ಕಂಟ್ರಾಕ್ಟರನ ಜನಕ್ಕೆ ಎರಡನೇ ಸೈರನ್ ಎಂಬುದೇ ಗೊತ್ತಿಲ್ಲವಂತೆ. ಹೆದರಿಸಲು ಒಂದು ಸಾಕು ಎಂದುಕೊಂಡವರು. ಸ್ವಲ್ಪ ಹೊತ್ತಿಗೆ ಜೀಪಿನ ಸದ್ದು ಬಂತು. ಮಂತ್ರಿ ಎದ್ದ. "ಅಕ್ಕಾ, ಬಂದ್ರು ಕಣಕ್ಕಾ. ಅದು ಅವರ ಸೈರನ್ನು, ನಮ್ದಲ್ಲ. ಏಳಿ ಏಳಿ" ಎಂದ. ನಾನು ಅವನ ಹೆಗಲು ಹಿಡಿದು ಒತ್ತಿ ಕೂರಿಸಿದೆ. "ಎರಡನೇದು ಆಗ್ಲಿ" ಎಂದೆ. ನೀಲಿ ಬಾಗಿಲಿನವಳು ಎದ್ದಳು, ಅವಳನ್ನೂ ಕೂರಿಸಿದೆ. "ಒಬ್ರು ಎದ್ದು ಹೋಗಿದ್ದು ಸಾಲ್ದಾ ನಿಮ್ಗೆ?" ಎಂದು ಕಿರುಚಿದೆನಂತೆ. ನನಗೆ ನೆನಪಿಲ್ಲ. ಆಮೇಲೆ ಯಾರೂ ಏಳಲಿಲ್ಲ. ನನ್ನ ಮುಖ ನೋಡಿ ಏಳಲಿಲ್ಲ.

ಜೀಪು ತಿರುಗಿ ಹೋಗುವ ಸದ್ದು ಕೇಳಿದಾಗ ಮಂತ್ರಿ ತಡೆಯಲಾರದೆ ಓಡಿದ. ಧೂಳು ಮಾತ್ರ ಸಿಕ್ಕಿತು. ನಾವು ಇಳಿದು ಬಂದಾಗ ಎಲ್ಲ ಬಾಗಿಲೂ ತೆರೆದಿದ್ದವು, ಎಲ್ಲ ಒಲೆಯೂ ತಣ್ಣಗಿದ್ದವು. ಒಳಗೆಲ್ಲ ಬೂಟಿನ ಹೆಜ್ಜೆ ಇತ್ತು. ಅಧಿಕಾರಿ ನಿಜವಾಗಿಯೂ ಪ್ರತಿ ಮನೆಯನ್ನೂ ಹೊಕ್ಕು ನೋಡಿದ್ದಾನೆ, ಪಾಪ. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ.

ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಮಂತ್ರಿ ಚಹಾ ತಂದು ಕೊಟ್ಟ, ಸಕ್ಕರೆ ತುಂಬ ಹಾಕಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಅಂಚಿಗೆ ಹೋಗಲು ಧೈರ್ಯವಾಗಲಿಲ್ಲ.

ಅತ್ತಿಗೆ

ಮೇ ೨೯

ಅತ್ತಿಗೆ,

ರಜೆ ಹಾಕಿ ಕಚೇರಿಗೆ ಹೋಗಿದ್ದೆ. ವರದಿ ಆಗಲೇ ಮೇಲೆ ಹೋಗಿದೆ. "ಸ್ಥಳದಲ್ಲಿ ಜನವಸತಿ ಕಂಡುಬಂದಿಲ್ಲ. ಹನ್ನೊಂದು ತೆರೆದ ಪಾಳು ಕಟ್ಟಡಗಳಿವೆ" ಎಂದು ಬರೆದಿದ್ದಾರೆ. ನಾನು ಸೈರನ್ನಿನ ಕಥೆಯನ್ನೆಲ್ಲ ಹೇಳಿದೆ. ಗುಮಾಸ್ತ ಕೆಟ್ಟವನಲ್ಲ, ಕೂರಿಸಿ ಕೇಳಿದ.

"ಪಾತ್ರೆ ಪಗಡ ಬಿಟ್ಟು ಹೋದೋರ್ದೂ ಇರುತ್ತೆ, ಒಲೆ ತಣ್ಣಗಿರೋ ಫೋಟೋ ಇದೆಯಲ್ಲಮ್ಮ. ಜನ ಇದ್ದಿದ್ರೆ ಅಧಿಕಾರಿ ಬರೋ ದಿನ ಹೆದರಿ ಓಡ್ತಾರಾ?"

"ಹೆದರಿ ಅಲ್ಲ ಸಾರ್. 'ಇದ್ದೀವಿ' ಅಂತ ಹೇಳೋಕೆ ಅವರು ಹೋಗೋದೇ ಅಲ್ಲಿಗೆ."

ಅವನಿಗೆ ಅರ್ಥವಾಗಲಿಲ್ಲ. ಬೇರೆಯವರಿಗೆ ಅದು ಹೇಗೆ ಅರ್ಥವಾದೀತು? ನಾನು ಬೈಂಡು ಮಾಡಿ ಕೊಟ್ಟ ಚರಿತ್ರೆಯನ್ನು ಧೂಳು ಒರೆಸಿ ವಾಪಸು ಕೊಟ್ಟ. ಚೆನ್ನಾಗಿ ಹೊಲಿದಿದ್ದೀರಿ ಎಂದ.

ಸುಳ್ಳು ಹೇಳುವುದಿಲ್ಲ, ನಿಮ್ಮ ಕಾಗದ ಓದಿದಾಗ ಒಂದು ಕ್ಷಣ ನಿಮ್ಮ ಮೇಲೆ ಸಿಟ್ಟು ಬಂತು. ಬಿಟ್ಟಿದ್ದರೆ ಮಂತ್ರಿ ಓಡಿಹೋಗಿ ಜೀಪು ನಿಲ್ಲಿಸುತ್ತಿದ್ದ. ಆಮೇಲೆ, ಅಣ್ಣ ಎದ್ದು ಹೋದ ದಿನ ಸೈರನ್ನಿನ ಹಿಡಿ ನಿಮ್ಮ ಕೈಯಲ್ಲೇ ಇತ್ತು ಎಂಬುದು ನೆನಪಾಯಿತು. ಅವತ್ತು ಅವನ ಹೆಗಲು ಹಿಡಿದು ಕೂರಿಸಲು ಆಗಲಿಲ್ಲ. ಮೊನ್ನೆ ಎಲ್ಲರನ್ನೂ ಕೂರಿಸಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಕೂರಿಸುತ್ತಿದ್ದೆ. ನಮ್ಮಿಬ್ಬರಿಗೂ ಅಳುವುದು ಬಿಟ್ಟು ಇನ್ನೇನೂ ಮಾಡಲು ಉಳಿದಿಲ್ಲ ಅತ್ತಿಗೆ. ಅದನ್ನಾದರೂ ಒಟ್ಟಿಗೆ ಕೂತು ಮಾಡೋಣ, ಬನ್ನಿ.

ನಿಮ್ಮ ನಾದಿನಿ

ಜುಲೈ ೩

ತಂಗೀ,

ಮದ್ದಿನ ತಾತನನ್ನು ಮಗಳು ಬಂದು ಕರೆದುಕೊಂಡು ಹೋದಳು. ಮಂತ್ರಿ ಅಂಗಡಿಯ ತಗಡು ಬಿಚ್ಚಿದ. ನೀಲಿ ಬಾಗಿಲಿನವಳು ಬಾಗಿಲನ್ನೇ ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಹೊರಟಳು, ಬಾಡಿಗೆ ಮನೆಯಲ್ಲಿ ಅದನ್ನು ಎಲ್ಲಿ ಕೂರಿಸುತ್ತಾಳೋ ದೇವರೇ ಬಲ್ಲ.

ಸೋಮವಾರ ಮೊದಲ ಲಾರಿ ಬಂತು. ನಾನು ನೋಡಲಿಲ್ಲ, ಒಳಗೆ ಕೂತಿದ್ದೆ. ಸದ್ದು ಕೇಳಿಸಿತು. ಬಿಳಿ ಹಕ್ಕಿಗಳ ಜಾಗಕ್ಕೆ ಹದ್ದುಗಳು ಬಂದಿವೆ.

ಗುರುವಾರದ ಬಸ್ಸಿಗೆ ಬರುತ್ತೇನೆ. ಮಂಚವನ್ನು ಗೋಡೆಗೆ ಸರಿಸಿಡು.

ಅತ್ತಿಗೆ

ಸೆಪ್ಟೆಂಬರ್ ೧೮

ನಾದಿನಿಗೆ,

ಹೇಳದೆ ಕೇಳದೆ ಹೊರಟೆ ಎಂದು ಉರಿದು ಬಿದ್ದಿರುತ್ತೀಯ. ಬೈಯಲು ವಿಳಾಸ ಬೇಕಲ್ಲ, ಲಕೋಟೆಯ ಹಿಂದೆ ಬರೆದಿದ್ದೇನೆ. ಮಂತ್ರಿ ಇಲ್ಲೊಂದು ಹೊಸ ಕ್ವಾರಿಯ ಪಕ್ಕ ಚಹಾದಂಗಡಿ ಹಾಕಿದ್ದಾನೆ. ಅವನ ಹೆಂಡತಿಗೆ ಕೈಯಾಸರೆಯಾಗಿ ಇದ್ದೇನೆ. ಲೋಟ ತೊಳೆಯುತ್ತೇನೆ, ಅವನು ಆ ಕಡೆ ತಿರುಗಿದಾಗ ಗಿರಾಕಿಗಳಿಗೆ ಸಕ್ಕರೆ ಹಾಕುತ್ತೇನೆ. ಚೆನ್ನಾಗಿದ್ದೇನೆ.

ನಿನ್ನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಅಂಗಡಿಯ ಯಜಮಾನರು ಒಳ್ಳೆಯವರು, ಹಾಳೆ ಮಡಚುವುದನ್ನೂ ಕಲಿತಿದ್ದೆ. ನೀನು ಒದ್ದದ್ದು ಎರಡೇ ಸಲ. ನಾನು ಹೊರಟದ್ದು ಬೇರೆ ಕಾರಣಕ್ಕೆ. ಅದನ್ನು ನಿನ್ನ ಎದುರಿಗೆ ಹೇಳಲಾಗಲಿಲ್ಲ.

ನಾನು ಹೊರಟ ದಿನ ಬೆಳಗ್ಗೆ ನಿನಗೆ ಕೆಲಸಕ್ಕೆ ಹೊತ್ತಾಗಿತ್ತು. ಬೀದಿಯಲ್ಲಿ ಕಸದ ಗಾಡಿಯ ಗಂಟೆ ಕೇಳಿಸಿತು. "ಅತ್ತಿಗೆ, ಇದೊಂದನ್ನ ಗಾಡಿಗೆ ಹಾಕಿ ಬನ್ನಿ" ಎಂದು ಬಕೆಟ್ಟನ್ನು ನನ್ನ ಕೈಗೆ ಕೊಟ್ಟೆ. ಇಳಿದು ಹೋದೆ. ಗಾಡಿಯ ಹೆಂಗಸು "ಹಾಕಮ್ಮ, ಹಾಕಮ್ಮ, ಇನ್ನೂ ನಾಲ್ಕು ಬೀದಿ ಇದೆ" ಎಂದಳು. ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ. ಅವಳು ನೋಡಿ ನೋಡಿ ಗಾಡಿ ತಳ್ಳಿಕೊಂಡು ಹೋದಳು. ಕಸವನ್ನು ಹಾಗೆಯೇ ಮೇಲೆ ತಂದೆ. ನೀನು ನಕ್ಕೆ. "ಬೀದೀಲಿ ನಿಂತು ಕಸ ಹಾಕೋಕೆ ನಾಚಿಕೆನಾ ಅತ್ತಿಗೆ?" ಎಂದು ನೀನೇ ಓಡಿಹೋಗಿ ಹಾಕಿ ಬಂದೆ.

ನಾಚಿಕೆಯಲ್ಲ ಕಣೇ. ಆ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು. ನಿನಗೂ ಗೊತ್ತಿದೆ, ನೀನು ನಗದೆ ಇನ್ನೇನು ಮಾಡುತ್ತೀಯ? ದಿನಾ ಹಾಕಲೇಬೇಕಾದವಳು ನೀನು. ಬದುಕುವವರ ಮನೆಯಲ್ಲಿ ಕಸ ಆಗಿಯೇ ಆಗುತ್ತದೆ, ಅದನ್ನು ತಲೆಯ ಮೇಲೆ ಹೊತ್ತು ತಿರುಗಲು ಆಗದು. ಹಾಕಬೇಡ ಎಂದು ನಾನು ಹೇಳುವುದಿಲ್ಲ. ನಿಮ್ಮಣ್ಣನೂ ಹೇಳುವವರಲ್ಲ, ತಂಗಿಯ ಮನೆಯದು ಎಂದರೆ ಏನು ಬಂದರೂ ಕೈಚಾಚುವ ಜೀವ ಅದು.

ಒಂದು ಮಾತು ನಡೆಸಿಕೊಡು. ಒಡೆದ ಗಾಜು, ಬ್ಲೇಡು, ನಿನ್ನ ಬೈಂಡಿಂಗಿನ ಮುರಿದ ಸೂಜಿ, ಇಂಥವನ್ನು ಹಾಗೆಯೇ ಹಾಕಬೇಡ. ದಪ್ಪ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಹಾಕು. ಗೋಡೆ ಕುಸಿದ ದಿನ ಅವರು ಮರೆಬಂಡೆಯ ಹಿಂದೆ ಕೂತು ಬೂಟು ಬಿಚ್ಚಿ ಒಳಗಿನ ಕಲ್ಲುಚೂರು ಕೊಡವುತ್ತಿದ್ದರು. ಡ್ರಿಲ್ ನೆನಪಾಗಿ ಹಾಗೆಯೇ ಎದ್ದು ಹೋದರು. ಬೂಟು ನನ್ನ ಹತ್ತಿರವೇ ಉಳಿಯಿತು. ನಿಮ್ಮಣ್ಣ ಅಲ್ಲಿ ಬರಿಗಾಲಿನಲ್ಲಿದ್ದಾರೆ.

ಅತ್ತಿಗೆ